ಪಾಸ್ತಾ ಅಟ್ಯಾಚ್‌ಮೆಂಟ್ ಕೊಳ್ಳಬೇಕಾ? ದುಡ್ಡು ಹಾಕುವ ಮುಂಚೆ ಮಾಡಿ ನೋಡಬೇಕಾದ್ದು

ಕೇಕಿಗೋ ಬ್ರೆಡ್ಡಿಗೋ ಅಂತ ಹಿಟ್ಟು ಕಲಸುವ ಸ್ಟ್ಯಾಂಡ್ ಮಿಕ್ಸರ್ ತಂದ ಮನೆಗಳಲ್ಲಿ ಸ್ವಲ್ಪ ದಿನಕ್ಕೇ ಈ ಪ್ರಶ್ನೆ ಏಳುತ್ತದೆ. ಮಿಕ್ಸರಿನ ಮುಂಭಾಗಕ್ಕೆ ಸಿಕ್ಕಿಸಿ ಹಿಟ್ಟನ್ನು ತೆಳು ಹಾಳೆ ಮಾಡುವ ಪಾಸ್ತಾ ರೋಲರ್ ಒಂದಿದೆಯಲ್ಲ, ಅದನ್ನೂ ತೆಗೆದುಕೊಂಡುಬಿಡೋಣವಾ? ಬೆಲೆ ನೋಡಿದರೆ ಕೈ ಹಿಂದೆ ಹೋಗುತ್ತದೆ. ವೀಡಿಯೊ ನೋಡಿದರೆ ಮತ್ತೆ ಮುಂದೆ ಬರುತ್ತದೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಿಕ್ಸರ್ ಆಗಲೇ ಮನೆಯಲ್ಲಿದ್ದು, ತಿಂಗಳಿಗೆ ಎರಡು ಸಲವಾದರೂ ನಾಲ್ಕು ಜನಕ್ಕೆ ಪಾಸ್ತಾ ಮಾಡುವವರಿಗೆ ರೋಲರ್ ಅಟ್ಯಾಚ್‌ಮೆಂಟ್ ಒಳ್ಳೆಯ ವಸ್ತು. ಅದಕ್ಕಿಂತ ಕಡಿಮೆ ಮಾಡುವವರಿಗೆ ಕೈಯಲ್ಲಿ ತಿರುಗಿಸುವ ಯಂತ್ರ ಧಾರಾಳ ಸಾಕು. ಅಚ್ಚಿನಿಂದ ಒತ್ತಿ ಕೊಳವೆ, ಸುರುಳಿ ತೆಗೆಯುವ ಅಟ್ಯಾಚ್‌ಮೆಂಟ್ ಹೆಚ್ಚಿನ ಮನೆಗಳಿಗೆ ಬೇಡವೇ ಬೇಡ. ಬರೀ ಪಾಸ್ತಾಗೋಸ್ಕರ ಹೊಸದಾಗಿ ಸ್ಟ್ಯಾಂಡ್ ಮಿಕ್ಸರ್ ಕೊಳ್ಳುವುದನ್ನಂತೂ ನಾನು ಯಾರಿಗೂ ಹೇಳುವುದಿಲ್ಲ. ಇದರಲ್ಲಿ ನಿಮ್ಮ ಮನೆ ಯಾವ ಗುಂಪಿಗೆ ಸೇರುತ್ತದೆ ಅಂತ ತಿಳಿಯಬೇಕಾದರೆ ಕೆಳಗಿನ ಹೆಜ್ಜೆಗಳನ್ನು ಒಂದೊಂದಾಗಿ ಮಾಡಿ ನೋಡಿ. ಮೊದಲ ಕೆಲವಕ್ಕೆ ಹಿಟ್ಟು, ಮೊಟ್ಟೆ ಬಿಟ್ಟರೆ ಬೇರೆ ಖರ್ಚಿಲ್ಲ.

ಹೆಜ್ಜೆ 1: ನಿಮ್ಮ ಮನೆಯವರಿಗೆ ಇಷ್ಟವಾದ ಪಾಸ್ತಾ ಯಾವುದು?

ತುಂಬ ಜನ ಇಲ್ಲೇ ಎಡವುತ್ತಾರೆ. ಮನೆಯಲ್ಲಿ ಮಾಡುವ ತಾಜಾ ಪಾಸ್ತಾ ಅಂದರೆ ಅಂಗಡಿಯ ಒಣ ಪಾಸ್ತಾದ ಇನ್ನೂ ರುಚಿಯಾದ ರೂಪ ಅಂದುಕೊಳ್ಳುತ್ತಾರೆ. ಹಾಗಲ್ಲ. ಅವೆರಡೂ ಬೇರೆ ಬೇರೆ ತಿನಿಸು.

ಕೊಳವೆಯಂಥ ಪೆನ್ನೆ, ಸುರುಳಿಯಂಥ ಫುಸಿಲ್ಲಿ, ಉದ್ದ ಎಳೆಯ ಸ್ಪಗೆಟ್ಟಿ ಇವೆಲ್ಲ ಡ್ಯುರಮ್ ಅನ್ನುವ ಗಟ್ಟಿ ಗೋಧಿಯ ರವೆಗೆ ಬರೀ ನೀರು ಹಾಕಿ ಕಲಸಿ, ದೊಡ್ಡ ಒತ್ತಡದಲ್ಲಿ ಅಚ್ಚಿನಿಂದ ಒತ್ತಿ, ಒಣಗಿಸಿ ಮಾಡುವಂಥವು. ಒಣ ಪಾಸ್ತಾವನ್ನು ಡ್ಯುರಮ್ ರವೆಯಲ್ಲೇ ಮಾಡಬೇಕು ಅಂತ ಇಟಲಿಯಲ್ಲಿ 1967ರಲ್ಲೇ ಕಾನೂನು ಬಂತು. ಬೆಂದ ಮೇಲೂ ಕಚ್ಚಿದರೆ ಒಳಗೆ ಸ್ವಲ್ಪ ಗಟ್ಟಿ ಸಿಗುತ್ತದಲ್ಲ, ಅದು ಆ ಗೋಧಿಯಿಂದ ಮತ್ತು ಆ ಒಣಗಿಸುವ ಕ್ರಮದಿಂದ ಬರುವುದು. ಇಟಲಿಯ ಮನೆಗಳಲ್ಲೂ ಇವನ್ನು ಅಂಗಡಿಯಿಂದಲೇ ತರುತ್ತಾರೆ.

ರೋಲರಿನಲ್ಲಿ ಬರುವುದು ಇನ್ನೊಂದು ಬಗೆ. ಬೊಲೊನ್ಯಾ ಊರಿರುವ ಎಮಿಲಿಯಾ-ರೊಮಾನ್ಯಾ ಪ್ರಾಂತ್ಯದ್ದು. ಮೆತ್ತನೆಯ ಗೋಧಿ ಹಿಟ್ಟಿಗೆ ಮೊಟ್ಟೆ ಹಾಕಿ ಕಲಸಿ, ಹಾಳೆಯ ಹಾಗೆ ಲಟ್ಟಿಸಿ ಕೊಯ್ಯುವುದು. ಅಗಲ ಪಟ್ಟಿಯ ಟ್ಯಾಲಿಯಟೆಲ್ಲೆ, ಹಾಳೆಗಳನ್ನು ಪದರವಾಗಿ ಜೋಡಿಸುವ ಲಸಾನ್ಯಾ, ಒಳಗೆ ಹೂರಣ ತುಂಬಿದ ರವಿಯೋಲಿ ಇದೇ ಗುಂಪು. ಇದು ಮೃದು. ಎರಡು ಮೂರು ನಿಮಿಷಕ್ಕೆ ಬೇಯುತ್ತದೆ. ಬೆಣ್ಣೆ, ಕ್ರೀಮು, ಚೀಸಿನ ಸಾಸನ್ನು ಚೆನ್ನಾಗಿ ಹೀರುತ್ತದೆ.

ಈಗ ನಿಮ್ಮ ಮನೆ ನೋಡಿ. ಮಕ್ಕಳು ಕೇಳುವುದು ಟೊಮ್ಯಾಟೊ ಸಾಸಿನ ಪೆನ್ನೆ ಮಾತ್ರವೇ? ಹಾಗಿದ್ದರೆ ರೋಲರ್ ನಿಮಗೆ ಅದನ್ನು ಕೊಡುವುದಿಲ್ಲ. ಆ ದುಡ್ಡಲ್ಲಿ ವರ್ಷಗಟ್ಟಲೆ ಒಳ್ಳೆಯ ಡ್ಯುರಮ್ ಪಾಸ್ತಾ ಪ್ಯಾಕೆಟ್ ತರಬಹುದು. ಲಸಾನ್ಯಾ, ರವಿಯೋಲಿ, ಅಗಲ ಪಟ್ಟಿಯ ಪಾಸ್ತಾ ಅಂದರೆ ಮನೆಮಂದಿಗೆಲ್ಲ ಆಸೆಯೇ? ಹಾಗಿದ್ದರೆ ಮುಂದೆ ಓದಿ.

ಹೆಜ್ಜೆ 2: ಮೊದಲು ಲಟ್ಟಣಿಗೆಯಲ್ಲೇ ಮಾಡಿ

ಯಂತ್ರ ಬರುವುದಕ್ಕೂ ನೂರಾರು ವರ್ಷ ಮುಂಚಿನಿಂದ ಜನ ಪಾಸ್ತಾ ಮಾಡುತ್ತಿದ್ದರು. ಬೊಲೊನ್ಯಾದ ಹೆಂಗಸರು ಉದ್ದನೆಯ ಲಟ್ಟಣಿಗೆಯಲ್ಲಿ, ಮರದ ಹಲಗೆಯ ಮೇಲೆ, ಮೇಜಗಲದ ಹಾಳೆಯನ್ನೇ ಲಟ್ಟಿಸುತ್ತಾರೆ. ದಕ್ಷಿಣದ ಪುಲ್ಯಾ ಪ್ರಾಂತ್ಯದ ಒರೆಕ್ಕಿಯೆಟ್ಟೆಗೆ ಲಟ್ಟಣಿಗೆಯೂ ಬೇಡ. ರವೆ ಹಿಟ್ಟಿನ ಚಿಕ್ಕ ತುಂಡನ್ನು ಚಾಕುವಿನ ಅಂಚಿನಲ್ಲಿ ಎಳೆದು ಹೆಬ್ಬೆರಳ ಮೇಲೆ ಮಗುಚಿದರೆ ಪುಟ್ಟ ಕಿವಿಯ ಆಕಾರ ಬರುತ್ತದೆ. ಅಷ್ಟೇ. ದಿನಾ ಚಪಾತಿ ಲಟ್ಟಿಸುವ ಕೈಗಳಿಗೆ ಇದು ಕಷ್ಟದ ವಿದ್ಯೆಯಲ್ಲ.

ಎರಡು ಮೂರು ಜನಕ್ಕೆ ಆಗುವಷ್ಟು ಅಳತೆ ಹೀಗಿದೆ. 200 ಗ್ರಾಂ ಮೈದಾ, ಎರಡು ಮೊಟ್ಟೆ. ಇಟಲಿಯ ಲೆಕ್ಕ 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ. ಆದರೆ ಯುರೋಪಿನಲ್ಲಿ ಮಧ್ಯಮ ಗಾತ್ರ ಅಂದರೆ ಚಿಪ್ಪು ಸೇರಿ 53ರಿಂದ 63 ಗ್ರಾಂ. ನಮ್ಮ ಅಂಗಡಿಯ ಮೊಟ್ಟೆ ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದು. ಹಾಗಾಗಿ ಅದೇ ಅಳತೆ ಹಿಡಿದು ಕಲಸಿದರೆ ಹಿಟ್ಟು ಬಿರುಕು ಬಿರುಕಾಗಿ ನಿಲ್ಲುತ್ತದೆ. ಮೊಟ್ಟೆ ಒಡೆದು ಬಟ್ಟಲಲ್ಲಿ ತೂಕ ಮಾಡಿ. 110 ಗ್ರಾಂ ಬರುವ ಹಾಗೆ ಇನ್ನೊಂದು ಹಳದಿ ಅಥವಾ ಒಂದೆರಡು ಚಮಚ ನೀರು ಸೇರಿಸಿ.

ಮೊಟ್ಟೆ ತಿನ್ನದ ಮನೆಯಾದರೆ 100 ಗ್ರಾಂ ಮೈದಾ, 100 ಗ್ರಾಂ ಚಿರೋಟಿ ರವೆ, ಸುಮಾರು 100 ಮಿಲಿ ಬೆಚ್ಚನೆಯ ನೀರು. ನೀರನ್ನು ಒಂದೇ ಸಲ ಸುರಿಯಬೇಡಿ, ಕೊನೆಯ ಎರಡು ಚಮಚ ಉಳಿಸಿಕೊಂಡು ನೋಡಿ ಹಾಕಿ. ರವೆ ನೀರು ಕುಡಿಯುವುದು ನಿಧಾನ. ಕಲಸಿದಾಗ ಗಟ್ಟಿ ಅನ್ನಿಸಿದ್ದು ಅರ್ಧ ಗಂಟೆ ಬಿಟ್ಟರೆ ಸರಿಹೋಗುತ್ತದೆ.

ಚಪಾತಿ ಹಿಟ್ಟಿಗಿಂತ ಇದು ಚೆನ್ನಾಗಿಯೇ ಗಟ್ಟಿ ಇರಬೇಕು, ಪೂರಿ ಹಿಟ್ಟಿಗಿಂತಲೂ ಒಂದು ಕೈ ಜಾಸ್ತಿ. ಹತ್ತು ನಿಮಿಷ ಅಂಗೈಯ ಬುಡದಿಂದ ಒತ್ತಿ ನಾದಿ. ಶುರುವಿನಲ್ಲಿ ಒರಟಾಗಿ, ಹರಕು ಹರಕಾಗಿ ಇರುತ್ತದೆ. ಆಮೇಲೆ ಮೇಲ್ಮೈ ನುಣುಪಾಗಿ, ಬೆರಳಲ್ಲಿ ಒತ್ತಿದ ಗುಳಿ ನಿಧಾನಕ್ಕೆ ಮೇಲೇಳುತ್ತದೆ. ಅಲ್ಲಿಗೆ ನಿಲ್ಲಿಸಿ. ಬಟ್ಟಲು ಮುಚ್ಚಿ ಅರ್ಧ ಗಂಟೆ ಬಿಡಿ. ಇದನ್ನು ತಪ್ಪಿಸಿದರೆ ಲಟ್ಟಿಸಿದಷ್ಟೂ ಹಾಳೆ ಹಿಂದಕ್ಕೆ ಕುಗ್ಗುತ್ತದೆ.

ನಾಲ್ಕು ಭಾಗ ಮಾಡಿ, ಒಂದನ್ನು ಹೊರಗಿಟ್ಟು ಉಳಿದದ್ದನ್ನು ಮುಚ್ಚಿಡಿ. ಮಧ್ಯದಿಂದ ಹೊರಕ್ಕೆ ಲಟ್ಟಿಸಿ. ಕೈ ಮೇಲೆ ಹರಡಿಕೊಂಡರೆ ಬೆರಳುಗಳ ನೆರಳು ಕಾಣುವಷ್ಟು ತೆಳು ಆಗಬೇಕು. ಮೇಲೆ ಸಣ್ಣ ರವೆ ಉದುರಿಸಿ, ಸಡಿಲವಾಗಿ ಮಡಚಿ, ಹರಿತವಾದ ಚಾಕುವಿನಲ್ಲಿ ಪಟ್ಟಿ ಕೊಯ್ಯಿರಿ. ಟ್ಯಾಲಿಯಟೆಲ್ಲೆಯ ಅಗಲ ಬೆಂದ ಮೇಲೆ 8 ಮಿಲಿಮೀಟರ್ ಇರಬೇಕು ಅಂತ 1972ರಲ್ಲಿ ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ ದಾಖಲೆ ಮಾಡಿಸಿ ಇಟ್ಟಿದ್ದಾರೆ. ಬೇಯುವಾಗ ಉಬ್ಬುವುದರಿಂದ ಹಸಿಯಾಗಿದ್ದಾಗ ಅದಕ್ಕಿಂತ ತುಸು ಕಡಿಮೆ ಕೊಯ್ಯಬೇಕು. ನಿಮ್ಮ ಮನೆಗೆ ಅಷ್ಟು ಕರಾರುವಾಕ್ಕು ಬೇಡ. ಆದರೆ ಒಂದೇ ಅಗಲ ಇದ್ದರೆ ಒಂದೇ ಸಮ ಬೇಯುತ್ತದೆ.

ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ. 100 ಗ್ರಾಂ ಪಾಸ್ತಾಗೆ ಒಂದು ಲೀಟರ್ ನೀರು, 10 ಗ್ರಾಂ ಉಪ್ಪು. ಎರಡು ನಿಮಿಷಕ್ಕೆ ಒಂದು ಎಳೆ ತೆಗೆದು ಕಚ್ಚಿ ನೋಡಿ. ತಟ್ಟೆಗೆ ಹಾಕಿ ಎಲ್ಲರೂ ಒಟ್ಟಿಗೆ ತಿನ್ನಿ.

ಒಂದೇ ಸಲ ಮಾಡಿ ತೀರ್ಮಾನ ಮಾಡಬೇಡಿ. ಮೊದಲ ಸಲದ ಹಾಳೆ ಎಲ್ಲರ ಕೈಯಲ್ಲೂ ದಪ್ಪವೇ ಬರುತ್ತದೆ. ಒಂದೆರಡು ತಿಂಗಳಲ್ಲಿ ನಾಲ್ಕೈದು ಸಲ ಮಾಡಿ. ಅಷ್ಟು ಸಲ ಮಾಡುವ ಮನಸ್ಸೇ ಬರಲಿಲ್ಲ ಅಂದರೆ ನಿಮಗೆ ಉತ್ತರ ಸಿಕ್ಕಿತು. ಯಂತ್ರ ಬಂದ ಮೇಲೂ ಆ ಮನಸ್ಸು ಬರುವುದಿಲ್ಲ.

ಹೆಜ್ಜೆ 3: ಯಾವ ಕೆಲಸ ಬೇಸರ ತಂತು ಅಂತ ಬರೆದಿಡಿ

ಪ್ರತಿ ಸಲ ಮಾಡಿದ ಮೇಲೂ ಒಂದು ಸಾಲು ಬರೆದುಕೊಳ್ಳಿ. ಏನು ಕಷ್ಟವಾಯಿತು? ನಾದುವುದಾ, ಕಾಯುವುದಾ, ಲಟ್ಟಿಸುವುದಾ, ಕೊಯ್ಯುವುದಾ, ಕಟ್ಟೆ ತೊಳೆಯುವುದಾ?

ನಾದಿದ್ದೇ ಸುಸ್ತಾಯಿತು ಅಂದರೆ ರೋಲರ್ ಅದಕ್ಕೆ ಮದ್ದಲ್ಲ. ನಿಮ್ಮ ಸ್ಟ್ಯಾಂಡ್ ಮಿಕ್ಸರಿನ ಕೊಕ್ಕೆಯೇ ಹಿಟ್ಟು ನಾದುತ್ತದೆ. ಟೇಬಲ್‌ಟಾಪ್ ಗ್ರೈಂಡರಿನ ಜೊತೆ ಹಿಟ್ಟು ಕಲಸುವ ಸಾಧನ ಬಂದಿದ್ದರೆ ಅದೂ ಆಗುತ್ತದೆ. ಆದರೆ ಇದು ಗಟ್ಟಿ ಹಿಟ್ಟು. ಸ್ವಲ್ಪ ಸ್ವಲ್ಪವೇ ಹಾಕಿ, ಮೋಟಾರಿನ ಸದ್ದು ಬದಲಾದರೆ ನಿಲ್ಲಿಸಿ ಕೈಯಲ್ಲಿ ಮುಗಿಸಿ.

ಲಟ್ಟಿಸುವಾಗ ಭುಜ ನೋವು ಬಂತು, ಹಾಳೆ ಒಂದು ಕಡೆ ದಪ್ಪ ಒಂದು ಕಡೆ ತೆಳು ಆಯಿತು ಅಂದರೆ ಅದು ರೋಲರ್ ಮಾಡುವ ಕೆಲಸ. ನಾಲ್ಕು ಜನಕ್ಕೆ 400 ಗ್ರಾಂ ಹಿಟ್ಟು ಲಟ್ಟಿಸುವಷ್ಟರಲ್ಲಿ ಯಾರಿಗೇ ಆದರೂ ತೋಳು ಹಿಡಿದುಕೊಳ್ಳುತ್ತದೆ. ಮಣಿಕಟ್ಟು ಅಥವಾ ಬೆರಳ ಸಂದುಗಳಲ್ಲಿ ನೋವಿರುವವರಿಗೆ, ಮೋಟಾರಿನಿಂದ ತಿರುಗುವ ರೋಲರ್ ಬರೀ ಶೋಕಿಯಲ್ಲ. ಅವರು ಈ ಅಡುಗೆ ಮಾಡಬಲ್ಲರೋ ಇಲ್ಲವೋ ಅನ್ನುವುದನ್ನೇ ಅದು ತೀರ್ಮಾನಿಸುತ್ತದೆ. ಅಂಥವರಿಗೆ ನಾನು ತಿಂಗಳ ಲೆಕ್ಕ ಕೇಳುವುದಿಲ್ಲ, ಕೊಳ್ಳಿ ಅಂತಲೇ ಹೇಳುತ್ತೇನೆ.

ಯಂತ್ರ ಉಳಿಸುವುದು ಲಟ್ಟಿಸುವ, ಕೊಯ್ಯುವ ಹೊತ್ತನ್ನು ಮಾತ್ರ. ನಾದುವುದು, ಅರ್ಧ ಗಂಟೆ ಕಾಯುವುದು, ನೀರು ಕುದಿಸುವುದು ಎಲ್ಲ ಹಾಗೇ ಇರುತ್ತದೆ. ಯಂತ್ರ ಒರೆಸುವ ಹೊಸ ಕೆಲಸವೊಂದು ಸೇರುತ್ತದೆ.

ಹೆಜ್ಜೆ 4: ನಿಮ್ಮ ಮಿಕ್ಸರಿಗೆ ಅದು ಕೂರುತ್ತದಾ?

ನಮ್ಮ ಕಡೆ ಮಿಕ್ಸರ್ ಅಂದರೆ ಚಟ್ನಿ ರುಬ್ಬುವ ಮಿಕ್ಸಿ ಅಂತಲೂ ಅರ್ಥವಾಗುತ್ತದೆ. ಪಾಸ್ತಾ ಅಟ್ಯಾಚ್‌ಮೆಂಟ್ ಅದಕ್ಕೆ ಕೂರುವುದೇ ಇಲ್ಲ. ಇದು ದೊಡ್ಡ ಬಟ್ಟಲು, ಮೇಲೊಂದು ತಲೆ ಇರುವ ಸ್ಟ್ಯಾಂಡ್ ಮಿಕ್ಸರಿಗೆ. ಅದರಲ್ಲೂ ಒಂದು ಕಂಪನಿಯದು ಇನ್ನೊಂದಕ್ಕೆ ಹೊಂದುತ್ತದೆ ಅನ್ನುವ ಭರವಸೆ ಇಲ್ಲ.

ಕಿಚನ್‌ಏಯ್ಡ್ ಮಿಕ್ಸರಿನ ತಲೆಯ ಮುಂದೆ ದುಂಡಗಿನ ಮುಚ್ಚಳ ಇರುತ್ತದೆ. ಅದನ್ನು ತೆಗೆದರೆ ಅಟ್ಯಾಚ್‌ಮೆಂಟ್ ಸಿಕ್ಕಿಸುವ ತೂತು ಕಾಣುತ್ತದೆ. ಆ ಕಂಪನಿಯ ಮನೆಬಳಕೆಯ ಸ್ಟ್ಯಾಂಡ್ ಮಿಕ್ಸರುಗಳಿಗೆಲ್ಲ ಈ ಜಾಗ ಒಂದೇ ಥರ. ಹಳೆಯ ಮಿಕ್ಸರಿಗೆ ಹೊಸ ರೋಲರ್ ಕೂರುತ್ತದೆ. ಕೆನ್‌ವುಡ್‌ನಲ್ಲಿ ಹಾಗಲ್ಲ, ಹಳೆಯ ಮಾದರಿಗೂ ಹೊಸ ಮಾದರಿಗೂ ಜೋಡಣೆಯೇ ಬೇರೆ. ಬಾಷ್‌ನದು ಇನ್ನೊಂದು ರೀತಿ. ಮಿಕ್ಸರಿನ ಅಡಿಯಲ್ಲಿ ಅಂಟಿಸಿರುವ ಮಾದರಿ ಸಂಖ್ಯೆಯ ಫೋಟೊ ತೆಗೆದುಕೊಂಡು, ಅಟ್ಯಾಚ್‌ಮೆಂಟಿನ ವಿವರದಲ್ಲಿ ಅದೇ ಸಂಖ್ಯೆ ಇದೆಯಾ ಅಂತ ನೋಡಿ. ಎಲ್ಲ ಮಿಕ್ಸರಿಗೂ ಆಗುತ್ತದೆ ಅಂತ ಬರೆದಿರುವ ಅಗ್ಗದ ವಸ್ತುವನ್ನು ನಂಬಬೇಡಿ.

ಕಿಚನ್‌ಏಯ್ಡ್‌ನ ಮೂರು ತುಂಡಿನ ಸೆಟ್‌ನಲ್ಲಿ ಹಾಳೆ ಮಾಡುವ ರೋಲರ್ ಒಂದು, ಅಗಲ ಪಟ್ಟಿಯ ಕಟರ್ ಒಂದು, ಸ್ಪಗೆಟ್ಟಿಯ ಕಟರ್ ಒಂದು ಇರುತ್ತವೆ. ದಪ್ಪ ಹೊಂದಿಸಲು ಗುಬುಟಿನಲ್ಲಿ ಎಂಟು ಅಂಕಿ. 1 ಅಂದರೆ ದಪ್ಪ, 8 ಅಂದರೆ ತೀರಾ ತೆಳು. ರೋಲರ್ ಒಂದನ್ನೇ ಬಿಡಿಯಾಗಿ ಮಾರುವುದೂ ಉಂಟು. ಸಿಕ್ಕರೆ ಅದನ್ನೇ ತಗೊಳ್ಳಿ ಅನ್ನುವುದು ನನ್ನ ಮಾತು. ಕೊಯ್ಯುವ ಕೆಲಸ ಚಾಕುವಿನಲ್ಲಿ ಐದು ನಿಮಿಷದ್ದು.

ಅಮೆರಿಕದಲ್ಲಿರುವ ಮಗಳೋ ತಮ್ಮನೋ ಬರುವಾಗ ತರಿಸಿಕೊಳ್ಳುವ ಯೋಚನೆ ಹಲವರಿಗೆ ಬರುತ್ತದೆ. ರೋಲರ್ ಅಟ್ಯಾಚ್‌ಮೆಂಟಿನಲ್ಲಿ ಮೋಟಾರ್ ಇಲ್ಲ, ಬರೀ ಹಲ್ಲುಚಕ್ರ. ಹಾಗಾಗಿ ಅಲ್ಲಿ ಕೊಂಡದ್ದು ಇಲ್ಲಿನ 230 ವೋಲ್ಟ್ ಮಿಕ್ಸರಿಗೂ ತೊಂದರೆ ಇಲ್ಲದೆ ಕೂರುತ್ತದೆ. ಮಿಕ್ಸರನ್ನೇ ತರಿಸುವುದು ಮಾತ್ರ ಬೇರೆ ಮಾತು. ಅಮೆರಿಕದ್ದು 120 ವೋಲ್ಟ್. ನಮ್ಮ ಪ್ಲಗ್ಗಿಗೆ ನೇರ ಹಾಕಿದರೆ ಸುಟ್ಟೇ ಹೋಗುತ್ತದೆ, ಟ್ರಾನ್ಸ್‌ಫಾರ್ಮರ್ ಬೇಕು. ವಾರಂಟಿಯೂ ಸಾಮಾನ್ಯವಾಗಿ ಕೊಂಡ ದೇಶಕ್ಕೇ ಸೀಮಿತ. ಹಾಗಾಗಿ ತರಿಸಿದ್ದು ಕೆಟ್ಟರೆ ಯಾರ ಹತ್ತಿರ ಹೋಗಬೇಕು ಅಂತ ಮೊದಲೇ ಯೋಚಿಸಿ.

ಹೆಜ್ಜೆ 5: ಕೈಯಂತ್ರವಾದರೆ ಕಟ್ಟೆ ಅಳೆಯಿರಿ

ಇಟಲಿಯ ಮಾರ್ಕಾಟೊ, ಇಂಪೀರಿಯಾ ಎರಡೂ 1930ರ ಆಸುಪಾಸಿನಲ್ಲಿ ಶುರುವಾದ ಕಂಪನಿಗಳು. ಇವತ್ತಿಗೂ ಮನೆಬಳಕೆಯ ಕೈಯಂತ್ರಕ್ಕೆ ಇವೇ ಹೆಸರು. ಮಾರ್ಕಾಟೊ ಅಟ್ಲಾಸ್ 150ರ ಹೆಸರಲ್ಲಿರುವ 150, ಹಾಳೆ ಎಷ್ಟು ಮಿಲಿಮೀಟರ್ ಅಗಲ ಬರುತ್ತದೆ ಅನ್ನುವುದನ್ನು ಹೇಳುತ್ತದೆ. ಅದರ ಗುಬುಟಿನಲ್ಲಿ 0ಯಿಂದ 9ರವರೆಗೆ ಹತ್ತು ಅಂಕಿ. ಮಿಕ್ಸರಿನ ರೋಲರಿನಿಂದಲೂ ಹೆಚ್ಚು ಕಡಿಮೆ ಇಷ್ಟೇ ಅಗಲದ ಹಾಳೆ ಬರುವುದು. ಹಾಳೆಯ ಗುಣದಲ್ಲಿ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಕೈಗಳ ಲೆಕ್ಕದಲ್ಲಿ. ಕೈಯಂತ್ರದಲ್ಲಿ ಒಂದು ಕೈ ಹಿಡಿಕೆ ತಿರುಗಿಸಬೇಕು, ಇನ್ನೊಂದು ಹಿಟ್ಟು ತಳ್ಳಬೇಕು, ಕೆಳಗೆ ಬರುವ ಹಾಳೆ ಹಿಡಿಯಲು ಮೂರನೆಯದು ಬೇಕು. ಮನೆಯಲ್ಲಿ ಜೊತೆಗೆ ನಿಲ್ಲುವವರಿದ್ದರೆ ಇದು ಸಂತೋಷದ ಕೆಲಸ, ಮಕ್ಕಳು ಹಿಡಿಕೆಗಾಗಿ ಜಗಳ ಆಡುತ್ತಾರೆ. ಒಬ್ಬರೇ ಮಾಡುವವರಿಗೆ ಮಿಕ್ಸರಿನ ರೋಲರ್ ಮೇಲು. ಎರಡೂ ಕೈ ಬಿಡುವಾಗಿರುತ್ತವೆ.

ಕೈಯಂತ್ರ ಕೂರಬೇಕಾದರೆ ಕಟ್ಟೆಯ ಅಂಚಿಗೆ ಕ್ಲ್ಯಾಂಪ್ ಬಿಗಿಯಬೇಕು. ನಮ್ಮ ಅಡುಗೆಮನೆಗಳಲ್ಲಿ ತೊಡಕು ಇಲ್ಲೇ. ಗ್ರಾನೈಟ್ ಕಟ್ಟೆಯ ಅಂಚಿಗೆ ಅಂದಕ್ಕೆ ಅಂತ ಇನ್ನೊಂದು ಪಟ್ಟಿ ಅಂಟಿಸಿರುತ್ತಾರೆ, ಹಾಗಾಗಿ ಅಂಚು ತುಂಬ ದಪ್ಪ. ಕೆಳಗೆ ಕಬೋರ್ಡಿನ ಬಾಗಿಲು ಅಂಚಿಗೆ ಹತ್ತಿಕೊಂಡೇ ಇರುತ್ತದೆ, ಕ್ಲ್ಯಾಂಪಿನ ಕೆಳದವಡೆ ಹೋಗಲು ಜಾಗವಿಲ್ಲ. ಕೊಳ್ಳುವ ಮುಂಚೆ ಸ್ಕೇಲ್ ಹಿಡಿದು ಎರಡು ಅಳತೆ ತಗೊಳ್ಳಿ: ಅಂಚಿನ ದಪ್ಪ ಎಷ್ಟು, ಅದರ ಕೆಳಗೆ ಒಳಕ್ಕೆ ಎಷ್ಟು ಖಾಲಿ ಇದೆ. ಕಟ್ಟೆಗೆ ಆಗದಿದ್ದರೆ ಗಟ್ಟಿ ಮರದ ಊಟದ ಮೇಜಿಗೆ ಹಾಕಬಹುದು. ಗಾಜಿನ ಮೇಜಿಗೆ ಯಾವ ಕಾರಣಕ್ಕೂ ಬೇಡ. ಮಿಕ್ಸರಿನ ರೋಲರಿಗೆ ಈ ತಾಪತ್ರಯ ಇಲ್ಲ. ಆದರೆ ಮಿಕ್ಸರ್ ಕಟ್ಟೆಯ ಮೇಲೇ ಇರಬೇಕು. ಅಟ್ಟದ ಮೇಲೆ ಡಬ್ಬಿಯಲ್ಲಿ ಇಟ್ಟ ಭಾರದ ಮಿಕ್ಸರನ್ನು ಬರೀ ಪಾಸ್ತಾಗೆ ಅಂತ ಯಾರೂ ಇಳಿಸುವುದಿಲ್ಲ.

ಹೆಜ್ಜೆ 6: ಹಬ್ಬದ ಅಡುಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಈ ಮಾತು ಹೊರದೇಶದವರು ಬರೆದ ಯಾವ ಸಲಹೆಯಲ್ಲೂ ಸಿಗುವುದಿಲ್ಲ, ಆದರೆ ನಮ್ಮ ಮನೆಗಳಿಗೆ ಇದು ದೊಡ್ಡ ವಿಷಯ. ಕರ್ಜಿಕಾಯಿಯ ಕಣಕ ಏನು? ಮೈದಾ, ಚಿರೋಟಿ ರವೆ, ಚೂರು ಬಿಸಿ ತುಪ್ಪ, ನೀರು. ಗಟ್ಟಿಯಾಗಿ ಕಲಸಿ ನೆನೆಯಲು ಬಿಡುವುದು. ರೋಲರಿಗೆ ಬೇಕಾದ ಹದವೂ ಇದೇ. ಗೌರಿ-ಗಣೇಶಕ್ಕೋ ದೀಪಾವಳಿಗೋ ನೂರಾರು ಕರ್ಜಿಕಾಯಿ ಮಾಡುವ ಮನೆಯಲ್ಲಿ, ಕಣಕವನ್ನು ಉದ್ದ ಹಾಳೆ ಮಾಡಿಕೊಂಡು, ಬಟ್ಟಲ ಅಂಚಿನಲ್ಲಿ ದುಂಡಗೆ ಕೊಯ್ದು, ಹೂರಣ ತುಂಬಿ ಮಡಚಿದರೆ ಕೆಲಸ ಎಷ್ಟೋ ಹಗುರ. ಹಾಳೆ ಒಂದೇ ದಪ್ಪ ಇರುವುದರಿಂದ ಎಲ್ಲವೂ ಒಂದೇ ಹದಕ್ಕೆ ಕರಿಯುತ್ತವೆ. ಸಮೋಸದ ಪಟ್ಟಿಗೂ, ಚಿರೋಟಿಯ ಪದರಗಳಿಗೂ ಇದೇ ಉಪಾಯ.

ಎಲ್ಲದಕ್ಕೂ ಆಗುತ್ತದೆ ಅಂದುಕೊಳ್ಳಬೇಡಿ. ಶಂಕರಪೋಳಿ ಹಿಟ್ಟಿನಲ್ಲಿ ತುಪ್ಪ, ಸಕ್ಕರೆ ಜಾಸ್ತಿ. ಅದು ಪುಡಿಯಾಗಿ ರೋಲರಿಗೆ ಮೆತ್ತಿಕೊಳ್ಳುತ್ತದೆ, ತೊಳೆಯುವ ಹಾಗೂ ಇಲ್ಲ. ಅಕ್ಕಿ, ರಾಗಿ ಹಿಟ್ಟಿನಲ್ಲಿ ಗೋಧಿಯ ಜಿಗುಟು ಇಲ್ಲ, ಹಾಳೆ ಹರಿದುಹೋಗುತ್ತದೆ. ಚಪಾತಿಗೆ ಈ ಅಗಲ ಸಾಲದು, ಆ ಹಿಟ್ಟು ಮೆತ್ತಗೆ ಬೇರೆ.

ಹೆಜ್ಜೆ 7: ಒಂದು ಊಟಕ್ಕೆ ಎಷ್ಟು ಬೀಳುತ್ತದೆ?

ನೀವು ನೋಡಿದ ಸೆಟ್‌ನ ಬೆಲೆ ಹದಿನೆಂಟು ಸಾವಿರ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಎರಡು ಸಲ, ಐದು ವರ್ಷ ಮಾಡಿದರೆ 120 ಸಲ. ಸಲಕ್ಕೆ 150 ರೂಪಾಯಿ. ಎರಡು ತಿಂಗಳಿಗೊಮ್ಮೆ ಮಾಡಿದರೆ 30 ಸಲ, ಸಲಕ್ಕೆ 600 ರೂಪಾಯಿ. ಹಿಟ್ಟು, ಮೊಟ್ಟೆ, ಚೀಸು ಬೇರೆ. ನಿಮ್ಮ ಬೆಲೆ ಹಾಕಿ ಇದೇ ಲೆಕ್ಕ ಮಾಡಿ. ಎಷ್ಟು ಸಲ ಅನ್ನುವುದಕ್ಕೆ ಮೂರನೇ ಹೆಜ್ಜೆಯ ಪುಸ್ತಕದಲ್ಲಿ ಬರೆದದ್ದನ್ನು ನೋಡಿ ಹಾಕಿ, ಮನಸ್ಸಿನ ಆಸೆ ನೋಡಿ ಹಾಕಬೇಡಿ.

ಹೆಜ್ಜೆ 8: ಒತ್ತುವ ಅಟ್ಯಾಚ್‌ಮೆಂಟಿನ ಆಸೆ ಇದ್ದರೆ

ಒತ್ತುವುದು ನಮಗೆ ಹೊಸದೇನಲ್ಲ. ಒತ್ತು ಶ್ಯಾವಿಗೆಯ ಒರಳು ಎಷ್ಟೋ ಮನೆಗಳಲ್ಲಿ ಇವತ್ತಿಗೂ ಇದೆ. ಇಟಲಿಯ ವೆನೆಟೊ ಪ್ರಾಂತ್ಯದಲ್ಲೂ ಅಂಥದ್ದೇ ಒಂದಿದೆ, ಹೆಸರು ಬಿಗೊಲಾರೊ. ಬೆಂಚಿಗೆ ನಿಲ್ಲಿಸಿದ ಲೋಹದ ಕೊಳವೆ, ಮೇಲೆ ತಿರುಪು. ಬೆಂಚಿನ ಎರಡು ಬದಿಗೆ ಕಾಲು ಹಾಕಿ ಕೂತು ತಿರುಗಿಸಿದರೆ ಬಿಗೊಲಿ ಅನ್ನುವ ದಪ್ಪ ಎಳೆಯ ಪಾಸ್ತಾ ಇಳಿಯುತ್ತದೆ. ಒತ್ತು ಶ್ಯಾವಿಗೆಗೆ ನಾವು ಅಕ್ಕಿ ಹಿಟ್ಟನ್ನು ಮೊದಲೇ ಬೇಯಿಸಿರುತ್ತೇವೆ, ಮೆತ್ತಗೆ ಇಳಿಯುತ್ತದೆ. ಹಸಿ ಗೋಧಿ ಹಿಟ್ಟಿಗೆ ಅದಕ್ಕಿಂತ ಎಷ್ಟೋ ಪಟ್ಟು ಬಲ ಬೇಕು. ಪಾಸ್ತಾ ಮಾಡಿ ನೋಡೋಣ ಅಂತ ಚಕ್ಕುಲಿ ಒರಳಿಗೆ ಗಟ್ಟಿ ಹಿಟ್ಟು ತುಂಬಬೇಡಿ, ಒರಳಿನ ಹಿಡಿಯೇ ಮುರಿಯಬಹುದು.

ಕಿಚನ್‌ಏಯ್ಡ್‌ನ ಒತ್ತುವ ಅಟ್ಯಾಚ್‌ಮೆಂಟಿನಲ್ಲಿ ಆರು ಬಿಲ್ಲೆ ಬರುತ್ತವೆ: ಸ್ಪಗೆಟ್ಟಿ, ನಡುವೆ ತೂತಿರುವ ಉದ್ದ ಎಳೆಯ ಬುಕಾಟಿನಿ, ದಪ್ಪ ಕೊಳವೆಯ ರಿಗಾಟೋನಿ, ಫುಸಿಲ್ಲಿ, ಮ್ಯಾಕರೋನಿಯಲ್ಲಿ ದೊಡ್ಡದು, ಚಿಕ್ಕದು. ಹಿಟ್ಟು ಒಣಗಿರಬೇಕು, ಚೂರು ಚೂರು ಉಂಡೆಯಾಗಿಯೇ ಹಾಕಬೇಕು. ಮೆತ್ತಗಾದರೆ ಹೊರಬಂದ ಕೊಳವೆಗಳು ಚಪ್ಪಟೆಯಾಗಿ ಒಂದಕ್ಕೊಂದು ಅಂಟುತ್ತವೆ. ಮುಗಿದ ಮೇಲೆ ಬಿಲ್ಲೆಯ ತೂತುಗಳಲ್ಲಿ ಉಳಿದ ಹಿಟ್ಟನ್ನು ಒಣಗಲು ಬಿಟ್ಟು ಕಡ್ಡಿಯಿಂದ ತಿವಿದು ತೆಗೆಯಬೇಕು. ಇಷ್ಟೆಲ್ಲ ಮಾಡಿ ಸಿಗುವುದು, ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಇನ್ನೂ ಚೆನ್ನಾಗಿ ಸಿಗುವ ಆಕಾರ. ಹಾಗಾಗಿಯೇ ನನಗೆ ಇದು ಬೇಡ ಅನ್ನಿಸುವುದು.

ಒಂದು ವಿನಾಯಿತಿ ಇದೆ. ನಮ್ಮದೇ ಗೋಧಿಯಲ್ಲಿ ಪಾಸ್ತಾ ಮಾಡಬೇಕು ಅನ್ನುವವರು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಗಟ್ಟಿ ಗೋಧಿಯೂ ಬೆಳೆಯುತ್ತದೆ, ಖಪ್ಲಿ ಅಂತಲೂ ಕರೆಯುವ ಸದಕ ಗೋಧಿಯೂ ಬೆಳೆಯುತ್ತದೆ. ಉತ್ತರ ಕರ್ನಾಟಕದ ಗೋಧಿ ಶ್ಯಾವಿಗೆ, ಹುಗ್ಗಿಗಳ ರುಚಿ ಇವುಗಳದೇ. ಇಟಲಿಯಲ್ಲಿ ಫಾರೊ ಅಂತ ಕರೆದು ದುಬಾರಿ ಬೆಲೆಗೆ ಪಾಸ್ತಾ ಮಾಡಿ ಮಾರುವುದೂ ಈ ಖಪ್ಲಿಯ ಜಾತಿಯ ಗೋಧಿಯನ್ನೇ. ಇದರ ಹಿಟ್ಟು ಎಳೆದರೆ ಹಿಗ್ಗುವುದಕ್ಕಿಂತ ತುಂಡಾಗುವುದೇ ಹೆಚ್ಚು. ಹಾಳೆ ಲಟ್ಟಿಸುವುದಕ್ಕಿಂತ ಒತ್ತುವುದು ಅದಕ್ಕೆ ಹೊಂದುತ್ತದೆ. ಊರಿನಿಂದ ಒಳ್ಳೆಯ ಗೋಧಿ ಬರುವ ಮನೆ ನಿಮ್ಮದಾಗಿದ್ದು, ರವೆ ಸಣ್ಣಗೆ ಬೀಸಿಸಿಕೊಳ್ಳಲು ಗಿರಣಿ ಹತ್ತಿರವಿದ್ದರೆ, ಒತ್ತುವ ಯಂತ್ರಕ್ಕೆ ಅರ್ಥ ಇದೆ.

ಹೆಜ್ಜೆ 9: ಕೊಳ್ಳುವಾಗ ನೋಡಬೇಕಾದ್ದು

ಬಳಸಿದ ಯಂತ್ರ ಅರ್ಧ ಬೆಲೆಗೆ ಸಿಗುತ್ತದೆ, ಎಷ್ಟೋ ಸಲ ಒಂದೆರಡು ಸಲ ಮಾತ್ರ ಉಪಯೋಗಿಸಿದ್ದು. ಹೋಗುವಾಗ ಒಂದೇ ಕಾಗದದಿಂದ ಹರಿದ ಎರಡು ಸಣ್ಣ ಪಟ್ಟಿ ಜೇಬಲ್ಲಿಟ್ಟುಕೊಳ್ಳಿ. ಗುಬುಟನ್ನು ತೀರಾ ತೆಳುವಿಗೆ ತಿರುಗಿಸಿ, ಒಂದು ಪಟ್ಟಿಯನ್ನು ರೋಲರಿನ ಎಡತುದಿಯಲ್ಲಿ, ಇನ್ನೊಂದನ್ನು ಬಲತುದಿಯಲ್ಲಿ ತೂರಿಸಿ. ಎರಡೂ ಒಂದೇ ಬಿಗಿಯಲ್ಲಿ ಜಾರಬೇಕು. ಒಂದು ಸಡಿಲ, ಒಂದು ಬಿಗಿ ಆದರೆ ರೋಲರ್ ಓರೆಯಾಗಿದೆ. ಅಂಥದ್ದರಲ್ಲಿ ಹಾಳೆ ಯಾವಾಗಲೂ ಒಂದು ಪಕ್ಕಕ್ಕೆ ಬಾಗಿಯೇ ಬರುತ್ತದೆ, ಮನೆಯಲ್ಲಿ ಸರಿಮಾಡಲು ಆಗುವುದಿಲ್ಲ. ಆಮೇಲೆ ಟಾರ್ಚ್ ಹಾಕಿ ರೋಲರಿನ ಮೇಲೆ ಕೆಂಪು ಚುಕ್ಕೆ ಇದೆಯಾ ನೋಡಿ. ಯಾರೋ ನೀರಲ್ಲಿ ತೊಳೆದಿದ್ದಾರೆ ಅಂತ ಅರ್ಥ, ಬಿಟ್ಟು ಬನ್ನಿ. ತಿರುಗಿಸುವಾಗ ಟಕ್ ಟಕ್ ಸದ್ದು ಬಂದರೆ ಹಲ್ಲುಚಕ್ರ ಸವೆದಿದೆ.

ಹೊಸದನ್ನು ಕೊಂಡರೆ ಹಿಂದಿರುಗಿಸುವ ಅವಧಿ ಎಷ್ಟು ದಿನ ಅಂತ ನೋಡಿಕೊಂಡು ಅದರೊಳಗೇ ಹಿಟ್ಟು ಹಾಕಿ ಪರೀಕ್ಷೆ ಮಾಡಿ. ಕಾಗದದ ಪರೀಕ್ಷೆಯನ್ನು ಮಾತ್ರ ಡಬ್ಬಿ ಬಿಚ್ಚಿದ ಕೂಡಲೇ ಮಾಡಿ.

ಹೆಜ್ಜೆ 10: ಮೊದಲ ದಿನ, ಆಮೇಲಿನ ಕಾಳಜಿ

ಕಾರ್ಖಾನೆಯಿಂದ ಬರುವಾಗ ರೋಲರಿನಲ್ಲಿ ಎಣ್ಣೆ ಉಳಿದಿರುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಒಂದು ಉಂಡೆ ಹಿಟ್ಟನ್ನು ರೋಲರಿನಲ್ಲೂ ಕಟರಿನಲ್ಲೂ ಹಲವು ಸಲ ಹಾಯಿಸಿ. ಆ ಹಿಟ್ಟು ಬೂದು ಬಣ್ಣಕ್ಕೆ ತಿರುಗುತ್ತದೆ. ಅದನ್ನು ಎಸೆಯಿರಿ.

ನಿಜವಾದ ಹಿಟ್ಟನ್ನು ಮೊದಲು ದಪ್ಪ ಅಂಕಿಯಲ್ಲಿ ಹಾಯಿಸಿ, ಮೂರು ಮಡಿಕೆ ಮಡಚಿ, ಮತ್ತೆ ಹಾಯಿಸಿ. ನಾಲ್ಕೈದು ಸಲ ಹೀಗೆ ಮಾಡಿದರೆ ಹಾಳೆ ರೇಷ್ಮೆಯಷ್ಟು ನುಣುಪಾಗುತ್ತದೆ. ಆಮೇಲೆ ಒಂದೊಂದೇ ಅಂಕಿ ಮುಂದೆ ಹೋಗಿ, ಮಧ್ಯೆ ಹಾರಿಸಬೇಡಿ. ಮಿಕ್ಸರಿನ ವೇಗ 2ರಲ್ಲಿ ಇದ್ದರೆ ಸಾಕು. ಪಟ್ಟಿ ಪಾಸ್ತಾಗೆ ಕೊನೆಯ ಅಂಕಿಯವರೆಗೆ ಹೋಗುವುದೇ ಬೇಡ, ಕಿಚನ್‌ಏಯ್ಡ್‌ನಲ್ಲಿ 5 ಚೆನ್ನ. ಹೂರಣ ತುಂಬುವುದಕ್ಕೆ ಇನ್ನೊಂದೆರಡು ಅಂಕಿ ತೆಳು. ಉದ್ದ ಕೂದಲನ್ನು ಹಿಂದಕ್ಕೆ ಕಟ್ಟಿ, ಸೆರಗು, ದುಪಟ್ಟಾ ಸಿಕ್ಕಿಸಿಕೊಳ್ಳಿ. ಮಕ್ಕಳ ಬೆರಳು ಹತ್ತಿರ ಬರದಂತೆ ನೋಡಿ.

ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು, ಉಡುಪಿ ಕಡೆ, ಹಿಟ್ಟೇ ತೇವ ಹಿಡಿದಿರುತ್ತದೆ. ಒಂದು ಚಮಚ ನೀರು ಕಡಿಮೆ ಹಾಕಿ, ರವೆ ಜಾಸ್ತಿ ಉದುರಿಸಿ. ಕಲಬುರಗಿಯ ಬೇಸಿಗೆಯಲ್ಲಿ ಇದರ ಉಲ್ಟಾ: ಫ್ಯಾನ್ ಆಫ್ ಮಾಡದಿದ್ದರೆ ಹಾಳೆಯ ಅಂಚು ಕೊಯ್ಯುವಷ್ಟರಲ್ಲೇ ಬಿರಿಯುತ್ತದೆ. ಮೊಟ್ಟೆ ಹಾಕಿದ ಪಾಸ್ತಾವನ್ನು ನಮ್ಮ ಸೆಕೆಯಲ್ಲಿ ರಾತ್ರಿಯೆಲ್ಲ ಹೊರಗೆ ಒಣಹಾಕಬೇಡಿ. ಉಳಿದರೆ ರವೆ ಉದುರಿಸಿ, ಸಣ್ಣ ಸಣ್ಣ ಗೂಡು ಮಾಡಿ ಫ್ರೀಜರಿನಲ್ಲಿಡಿ. ಬೇಕಾದಾಗ ಕರಗಿಸದೆ ಹಾಗೇ ಕುದಿಯುವ ನೀರಿಗೆ ಹಾಕಿ.

ಯಂತ್ರಕ್ಕೆ ನೀರು ತಾಗಿಸಲೇಬಾರದು. ಒಂದೆರಡು ಗಂಟೆ ಬಿಟ್ಟರೆ ಅಂಟಿದ ಹಿಟ್ಟು ಒಣಗುತ್ತದೆ, ಬ್ರಷ್‌ನಲ್ಲಿ ಉದುರಿಸಿ, ತಿರುಗಿಸುತ್ತಾ ಒಣಬಟ್ಟೆಯಲ್ಲಿ ಒರೆಸಿ. ಪಾತ್ರೆ ತೊಳೆಯಲು ಸಹಾಯಕ್ಕೆ ಬರುವವರಿದ್ದರೆ ಅವರಿಗೂ ಮೊದಲೇ ಹೇಳಿಡಿ. ಪಾತ್ರೆಗಳ ಜೊತೆ ಸಿಂಕಿಗೆ ಹೋದರೆ ಒಂದೇ ಸಲಕ್ಕೆ ತುಕ್ಕು. ಕಟರಿನ ಹಲ್ಲುಗಳ ನಡುವೆ ಹಿಟ್ಟಿನ ಚೂರು ಉಳಿದರೆ ಇರುವೆ, ಜಿರಳೆ ಬರುತ್ತವೆ. ಚೆನ್ನಾಗಿ ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಒಂದು ಬಟ್ಟೆ ಸುತ್ತಿ ಇಡಿ. ಕರಾವಳಿಯವರು ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಪೊಟ್ಟಣ ಒಂದೆರಡು ಹಾಕಿಡಿ. ಮಳೆಗಾಲದಲ್ಲಿ ಯಂತ್ರವನ್ನು ಬಳಸದಿದ್ದರೂ ಆಗಾಗ ತೆಗೆದು ಒಂದು ಸುತ್ತು ತಿರುಗಿಸಿ ನೋಡಿ ಇಡಿ.